ಲ್ಯಾಬ್ ಆಗಲೊಲ್ಲದ ನಾಯಿ

ನಮ್ಮ ಪಿಕೆಟ್ ಬೆಂಡ್ ಊರಿನಲ್ಲಿ ಪಿಟ್‌ಬುಲ್ ಜಾತಿಯ ನಾಯಿ ಸಾಕಬಾರದೆಂದು ಪುರಸಭೆ ಕಾನೂನು ಮಾಡಿದ ವಾರವೇ ಊರಿನ ಪಿಟ್‌ಬುಲ್‌ಗಳೆಲ್ಲ ಲ್ಯಾಬ್ರಡಾರ್ ಆಗಿಬಿಟ್ಟವು. ಈ ಪವಾಡ ಮಾಡಿದವಳು ನಾನೇ. ಪುರಸಭೆಯಲ್ಲಿ ಹದಿನಾಲ್ಕು ವರ್ಷದಿಂದ ಗುಮಾಸ್ತೆ. ನಾಯಿ ಲೈಸೆನ್ಸಿನ ಅರ್ಜಿ ನನ್ನ ಕಿಟಕಿಗೇ ಬರಬೇಕು. ಅಗಲ ದವಡೆಯ ನಾಯಿ ಹಿಡಿದು ಯಾರೇ ಬರಲಿ, "ಲ್ಯಾಬ್ ಮಿಶ್ರ ಅಂತ ಬರೀರಿ" ಎಂದು ಪಿಸುಗುಟ್ಟುತ್ತಿದ್ದೆ. ಕಾನೂನು ನೋಡುತ್ತಿದ್ದದ್ದು ಅರ್ಜಿಯ 'ಜಾತಿ' ಎಂಬ ಖಾನೆಯನ್ನು ಮಾತ್ರ. ಹೀಗೆ ಮೂವತ್ತೊಂದು ಲ್ಯಾಬ್‌ಗಳಾದವು! ಅದರಲ್ಲಿ ಒಂದಾದರೂ ನಿಜವಾದ ಲ್ಯಾಬಿನ ಹಾಗೆ ನೀರಿಗಿಳಿದು ಬೇಟೆಯ ಬಾತುಕೋಳಿ ತಂದದ್ದನ್ನು ಕಂಡವರಿಲ್ಲ.

ನನ್ನ ಮಾತು ಕೇಳದವರು ಓಪಲ್ ಟ್ರಿಂಬಲ್ ಒಬ್ಬರೇ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ನಾನೂ ಅದರಲ್ಲೇ ಶಾಲೆಗೆ ಹೋದವಳು. 'ಪಿಟ್‌ಬುಲ್' ಎಂದು ದಪ್ಪ ಅಕ್ಷರದಲ್ಲಿ ಬರೆದ ಅರ್ಜಿಯನ್ನು ಕಿಟಕಿಯೊಳಗೆ ತಳ್ಳಿದರು. ಅವರ ನಾಯಿ ಗ್ರೇವಿ ಕಾಲ ಬುಡದಲ್ಲಿ ಗೊರಕೆ ಹೊಡೆಯುತ್ತಿತ್ತು.

"ಓಪಲ್, ಲ್ಯಾಬ್ ಅಂತ ಬರೆದುಬಿಡಿ. ಇಲ್ಲಾಂದ್ರೆ ಹತ್ತು ದಿನದಲ್ಲಿ ಹಿಡ್ಕೊಂಡು ಹೋಗ್ತಾರೆ. ಹೋದ ನಾಯಿ ವಾಪಸ್ ಬರಲ್ಲ, ಸೂಜಿ ಚುಚ್ಚಿ ಸಾಯಿಸ್ತಾರೆ."

"ಇದು ಲ್ಯಾಬಾ?"

"ಅಲ್ಲ."

"ಮತ್ತೆ? ಎಂಟು ವರ್ಷದಲ್ಲಿ ಇದು ಯಾರಿಗೂ ಹಲ್ಲು ತಾಗಿಸಿಲ್ಲ ಕಣೆ. ತಪ್ಪು ಮಾಡದೋನು ಯಾಕೆ ಜಾತಿ ಬದಲಾಯಿಸ್ಕೋಬೇಕು? ಅದಿರ್ಲಿ ಲೊರೆಟ್ಟಾ, ನಿನ್ನ ಮನೇದು ಯಾವ ಜಾತಿ?"

"ಲ್ಯಾಬ್" ಎಂದೆ. ನಮ್ಮ ನಾಯಿ ಡಂಪ್ಲಿನ್ ನೋಡಲು ಗ್ರೇವಿಯ ಅಣ್ಣನ ಹಾಗೇ ಇದ್ದಾನೆ.

"ಲ್ಯಾಬಾ? ಹೌದಾ! ಪಾಪ, ಅದಕ್ಕೆ ಗೊತ್ತಾ ಈ ವಿಷಯ?"

ಮೈ ಉರಿದುಹೋಯಿತು. ಸಿಟ್ಟು ಓಪಲ್ ಮೇಲೆ ಎಂದುಕೊಂಡಿದ್ದೆ. ಮನೆ ಸೇರುವಷ್ಟರಲ್ಲಿ ಅದು ನನ್ನ ಮೇಲೇ ಎಂದು ಗೊತ್ತಾಯಿತು.

ಗ್ರೇವಿಯನ್ನು ಹಿಡಿಯಬಾರದೆಂದು ಓಪಲ್ ಪುರಸಭೆಯ ಮಂಗಳವಾರದ ಸಭೆಗೆ ಮನವಿ ಕೊಟ್ಟರು. ಕಾನೂನು ತಂದ ಸದಸ್ಯ ರಾಯ್ಸ್ ಹಾಲೆನ್‌ಬೆಕ್ ನಯವಾಗಿ ಹೇಳಿದ: "ನೋಡಿ ಓಪಲ್, ನಾವೇನು ರಾಕ್ಷಸರಲ್ಲ. ಒಂದು ಪದ ಬದಲಾಯಿಸಿ, ಮನೆಗೆ ಹೋಗಿ ಊಟ ಮಾಡಿ."

"ಒಂದು ಸುಳ್ಳು ಬರೆದ್ರೆ ನನ್ನ ನಾಯಿ ಸಾಧು ಆಗ್ಬಿಡುತ್ತಾ ರಾಯ್ಸ್? ಹಾಗಾದ್ರೆ ನೀನು ಹೆದರ್ತಾ ಇರೋದು ಕಾಗದಕ್ಕೆ. ಕಚ್ಚಿದ ನಾಯಿ ಇದ್ರೆ ಹೇಳು, ಗೇಟು ನಾನೇ ತೆಗೀತೀನಿ. ಕಚ್ಚದ್ದನ್ನ ಮುಟ್ಟೋಕೆ ಬಂದ್ರೆ ಮಾತ್ರ ನನ್ನ ದಾಟ್ಕೊಂಡು ಹೋಗ್ಬೇಕು."

ಐದಕ್ಕೆ ಐದು ಮತ ಬಿದ್ದವು: ಗ್ರೇವಿಗೆ ವಿನಾಯಿತಿ ಇಲ್ಲ, ಹಿಡಿದೊಯ್ಯಬೇಕು. ಸಭೆಯ ತುಂಬ ನನ್ನ ಲ್ಯಾಬ್‌ಗಳ ಯಜಮಾನರೇ ಕೂತಿದ್ದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಹೇಡಿಗಳಾ ಎಂದು ಮನಸ್ಸಿನಲ್ಲೇ ಬೈದೆ. ನಡಾವಳಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಎದ್ದು ನಿಂತೆ.

"ಕೂತ್ಕೊ ಲೊರೆಟ್ಟಾ" ಎಂದರು ಮೇಯರ್.

"ಹದಿನಾಲ್ಕು ವರ್ಷ ಕೂತಿದ್ದು ಸಾಕು. ನನ್ನ ಮನೇಲಿರೋದು ಪಿಟ್‌ಬುಲ್. ಲ್ಯಾಬ್ ಅಂತ ಬರೆದಿದ್ದು ಸುಳ್ಳು. ಕಾಯ್ದೆ ಓಪಲ್‌ಗೆ ಒಂದು, ನನಗೊಂದು ಇಲ್ವಲ್ಲ?"

"ಕೆಲಸ ಹೋಗುತ್ತೆ" ಎಂದ ರಾಯ್ಸ್.

"ಹೋಗ್ಲಿ. ಅದನ್ನೂ ನಡಾವಳಿಲಿ ಬರೀತೀನಿ, ಇರು."

ಮತ್ತೆ ಯಾರಾದರೂ ಎದ್ದಾರೆಂದು ಕಾದೆ. ಒಬ್ಬರೂ ಏಳಲಿಲ್ಲ.

ಗಡುವಿನ ಹತ್ತನೆಯ ದಿನ ಬೆಳಿಗ್ಗೆ ಡಂಪ್ಲಿನ್‌ನನ್ನು ಕರೆದುಕೊಂಡು ಓಪಲ್ ಮನೆಗೆ ಹೋದೆ. ನಾಯಿಗಳನ್ನು ಒಳಗೆ ಕೂಡಿ, ನಾವಿಬ್ಬರೂ ಬಾಗಿಲಿಗೆ ಅಡ್ಡಲಾಗಿ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತೆವು. ಒಂಬತ್ತಕ್ಕೆ ನಾಯಿ ಹಿಡಿಯುವ ಕ್ಲೀಟಸ್ ಗಾಡಿ ತಂದ. ಅವನ ಕೈಯಲ್ಲಿ ಎರಡು ಆದೇಶ. ನನ್ನನ್ನು ಕೆಲಸದಿಂದ ತೆಗೆಯುವ ಮುಂಚೆ ಎರಡನ್ನೂ ಟೈಪ್ ಮಾಡಿದ್ದು ನಾನೇ. ಅವನು ನಮ್ಮ ಮುಖ ನೋಡದೆ ಟೋಪಿ ತೆಗೆದ.

"ಗಾಡೀಲಿ ಇರೋದು ಒಂದೇ ಬೋನು" ಎಂದ. "ಯಾವುದನ್ನ ಮೊದಲು ಹತ್ತಿಸ್ಲಿ?"

"ನಮ್ಮಿಬ್ಬರನ್ನ" ಎಂದೆ.

ಓಪಲ್ ಆಗಲೇ ಕಾಫಿ ಲೋಟ ಪಕ್ಕಕ್ಕಿಟ್ಟು ಗಾಡಿ ಹತ್ತಲು ಬೂಟಿನ ದಾರ ಬಿಗಿಯುತ್ತಿದ್ದರು.