ನೀಲಿ ಪೆಟ್ರೋಲಿನ ಎಡೆ

ಶೆಡ್ಡಿನಲ್ಲಿದ್ದ ವಿಮಾನದ ಟ್ಯಾಂಕಿಗೆ ಹೇಮಶ್ರೀ ಇಳಿಬಿಟ್ಟ ಅಳತೆಕಡ್ಡಿ ಈ ಸಲವೂ ಒಣಗಿದ್ದಂತೆಯೇ ಮೇಲೆ ಬಂತು.

"ಇದರ ಪ್ರೊಪೆಲರೇ ಬಿಚ್ಚಿಟ್ಟಿದೆ, ಹಾರೋದೆಲ್ಲಿಂದ ಬಂತು? ಹಾಕಿದ ಪೆಟ್ರೋಲ್ ಎಲ್ಲೋಗ್ತಿದೆ?"

ಮುದುಕ ಮೆಕ್ಯಾನಿಕ್ ವೆಂಕಟರಂಗಯ್ಯ ಟವಲಿಗೆ ಕೈ ಒರೆಸಿಕೊಳ್ಳುತ್ತಿದ್ದ.

ಅಮೃತೂರಿನ ಆಚೆಯ ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನಗಳು ವರ್ಷಕ್ಕೆಷ್ಟು ಇಂಗಾಲದ ಡೈಆಕ್ಸೈಡ್ ಉಗುಳುತ್ತವೆಂದು ಅಂದಾಜು ಮಾಡಲು ಅವಳು ತುಮಕೂರಿನಿಂದ ಬಂದಿದ್ದಳು. ಕೆಲಸವೇನೋ ಸಲೀಸು. ಲೀಟರ್ ಪೆಟ್ರೋಲ್ ಉರಿದರೆ ಎರಡು ಕೆಜಿಗಿಂತ ತುಸು ಹೆಚ್ಚು ಅನಿಲ. ಉರಿದದ್ದೆಷ್ಟು ಎಂದು ಗೊತ್ತಾದರೆ ಮುಗಿಯಿತು. ಹಾರುವ ಎರಡು ವಿಮಾನಗಳದ್ದು ತಾಳೆಯಾಗಿತ್ತು. ಆದರೂ ಈ ಮೂರನೆಯದಕ್ಕೆ ಹಾಕಿದ್ದೆಂದು ಪುಸ್ತಕದಲ್ಲಿದ್ದ ಒಂದಿಷ್ಟು ಪೆಟ್ರೋಲ್ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅದು ಉರಿದಿಲ್ಲವೆಂದು ಬರೆದರೆ ಕಳ್ಳತನವೆಂದೇ ಅರ್ಥ, ಮುದುಕನ ಕೆಲಸ ಹೋದಂತೆಯೇ. ಅವಳಿಗೆ ಆ ಪಾಪ ಬೇಕಿರಲಿಲ್ಲ.

"ಕದ್ದಿಲ್ಲ ಕಣವ್ವ, ಎಡೆ ಇಡ್ತೀನಿ," ಅಂದ ಮುದುಕ. "ಇದು ನನ್ನ ಮಗ ಕೃಷ್ಣಕುಮಾರ ಓಡುಸ್ತಿದ್ದ ಇಮಾನ. ಕುಣಿಗಲ್ ರೋಡಲ್ಲಿ ಬೈಕಿಂದ ಬಿದ್ದು ಹೋಗ್ಬುಟ್ಟ. ಸತ್ತೋರಿಗೆ ಇಷ್ಟವಾದ್ದು ಇಡಲ್ವ? ಅವನು ಬಾಡು ಮುಟ್ತಿರ್ಲಿಲ್ಲ, ಬ್ರಾಂದಿ ಮುಟ್ತಿರ್ಲಿಲ್ಲ. ಇಮಾನಕ್ಕೆ ಹಾಕೋ ಈ ನೀಲಿ ಪೆಟ್ರೋಲ್ ವಾಸ್ನೆ ಅಂದ್ರೆ ಪ್ರಾಣ. ಅದಕ್ಕೇ ಅಮಾಸೆಗೊಂದು ಕ್ಯಾನು."

ಹೇಮಶ್ರೀಗೆ ನಗು ಬಂತು, ಮರುಕವೂ ಆಯಿತು. ಸೋರಿರಬೇಕೆಂದು ಬಗ್ಗಿ ನೋಡಿದಳು. ವಿಮಾನದ ಕೆಳಗಿನ ಧೂಳಿನಲ್ಲಿ ಒಂದು ಹನಿಯ ಗುರುತೂ ಇರಲಿಲ್ಲ.

"ನನ್ನೆದುರಿಗೇ ಒಂದು ಕ್ಯಾನು ಹಾಕಿ, ನೋಡೇಬಿಡೋಣ."

ಹಾಕಿದ. ಕಡ್ಡಿಯ ತುದಿ ನೀಲಿಯಾಯಿತು. ಆಮೇಲೆ ಅವಳನ್ನು ಹೊರಗೆ ಕರೆದು ಶೆಡ್ಡಿನ ಬಾಗಿಲೆಳೆದ.

"ನಾವು ನೋಡ್ತಾ ಕೂತ್ರೆ ಅವನು ಉಣ್ತಾನೇನವ್ವ?"

ಹಿರಿಯರ ಹಬ್ಬದಲ್ಲಿ ಎಡೆ ಇಟ್ಟ ಮನೆಯವರಂತೆ ಇಬ್ಬರೂ ಬಾಗಿಲಿಗೆ ಬೆನ್ನು ಮಾಡಿ ಕುಳಿತರು. ತೆಂಗಿನ ತೋಟದಾಚೆ ಬಿಸಿಲು ಇಳಿಯುತ್ತಿತ್ತು. ಎಲ್ಲೋ ಪ್ರೈವೇಟ್ ಬಸ್ಸಿನ ಹಾರನ್. ಒಳಗೆ ಸದ್ದೇ ಇಲ್ಲ. ಆದರೆ ಬೆನ್ನಿಗೆ ತಾಗಿದ್ದ ತಗಡಿನ ಬಾಗಿಲು ಸಣ್ಣಗೆ ನಡುಗತೊಡಗಿತು. ಅವಳು ಗಾಬರಿಯಿಂದ ಸರಿದು ಕುಳಿತಳು. ಮುದುಕ ಏನೂ ಆಗದವನಂತೆ ಎಲೆಯಡಿಕೆ ಮೆಲ್ಲುತ್ತಿದ್ದ. ನಡುಕ ನಿಂತ ಮೇಲೆ, ಒಳಗಿರುವವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ತೆಗೆದ.

ಟ್ಯಾಂಕು ಬರಿದಾಗಿತ್ತು. ಹೊಗೆಕೊಳವೆ ಮುಟ್ಟಿದವಳು ಚುರುಕ್ಕೆಂದು ಕೈ ಎಳೆದುಕೊಂಡಳು. ಬೆರಳಿಗೆ ಹೊಸ ಮಸಿ ಹತ್ತಿತ್ತು. ಓಡಿಹೋಗಬೇಕೆನಿಸಿತು. ಓಡಲಿಲ್ಲ. ಮೊಬೈಲ್ ತೆಗೆದು ಅಂದಾಜಿಗೆ ಒಂದು ಸಾಲು ಸೇರಿಸಿದಳು.

"ಏನಂತ ಬರ್ಕಂಡ್ರವ್ವ?"

"ಉರಿದಿದೆ ಅಂತ."

ಮುದುಕನ ಮುಖದಲ್ಲಿ ಕೆಲಸ ಉಳಿದ ಸಮಾಧಾನವೇನೂ ಕಾಣಲಿಲ್ಲ. "ಅಷ್ಟು ಪೆಟ್ರೋಲಿಗೆ ಎಲ್ಲಿಗಂಟ ಹೋಗಿರ್ತಾನೆ?" ಎಂದು ಕೇಳಿದ.

ಅದೂ ಅವಳಿಗೆ ಗೊತ್ತಿದ್ದ ಲೆಕ್ಕವೇ. "ಗುಬ್ಬಿವರೆಗೆ ಹೋಗಬಹುದು."

"ಅವನ ಹೆಂಡ್ತಿ, ಮಗು ಗುಬ್ಬೀಲೇ ಅವ್ರೆ," ಅಂದ ವೆಂಕಟರಂಗಯ್ಯ. ಖಾಲಿ ಕ್ಯಾನು ಕೈಗೆತ್ತಿಕೊಂಡು, "ವಾಪಸ್ ಬರಕ್ಕೆ?"

ಹೇಮಶ್ರೀಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸಾಲಲ್ಲ."

ಅವನು ಪೆಟ್ರೋಲ್ ಡ್ರಮ್ಮಿನ ಕಡೆ ನಡೆದ. ಅವಳು ತಡೆಯಲಿಲ್ಲ. ಇನ್ನೂ ಬಿಸಿಯಾಗಿದ್ದ ವಿಮಾನದ ಬಳಿ ಹೋಗಿ, ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು ಹಿಡಿದು ನಿಂತಳು.