ಹೆಂಟೆ ಹೊತ್ತು ನಡೆದ ಗಡಿ

ಸೆರ್ಬಿಯಾದ ದೊರೆ ತೀರಿಕೊಂಡ ವರ್ಷ ಸಾಮಂತರೆಲ್ಲ ಕೈಗೆಟುಕಿದ್ದನ್ನು ತಮ್ಮದೆಂದರು. ಯೆಲೊವಾಚ ಗುಡ್ಡದ ಹುಲ್ಲುಗಾವಲಿಗಾಗಿ ಬ್ರಾನೋಯ್ ಮತ್ತು ಅವನ ತಂಗಿಯ ಗಂಡ ಪ್ರಿಬಾಕ್ ಎರಡು ಸಲ ಕತ್ತಿ ಹಿರಿದಿದ್ದರು. ಕೊನೆಗೆ ಮಠದ ಹಿರಿಯ ಸನ್ಯಾಸಿ ಹಳೆಯ ಪದ್ಧತಿಯನ್ನೇ ಹಿಡಿದರು. ಗಡಿ ಬಲ್ಲ ಮುದುಕನೊಬ್ಬ ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆಯಬೇಕು; ನಡೆದದ್ದೇ ಗಡಿ. ಸುಳ್ಳು ನಡೆದವನು ಸತ್ತ ಮೇಲೂ ಆ ಹೆಂಟೆ ಹೊರಬೇಕು. ನಡುವೆ ತಡೆದ ಒಡೆಯನಿಗೆ ನೆಲದಲ್ಲಿ ಪಾಲೇ ಇಲ್ಲ.

ಹೊರುವವನು ಬ್ರಾನೋಯ್‌ನ ಒಕ್ಕಲು ರಾದೊನ್ಯ, ಐವತ್ತು ವರ್ಷ ಅಲ್ಲಿ ಕುರಿ ಕಾಯ್ದವನು. ಗುಡ್ಡದಲ್ಲಿದ್ದ ಒಂದೇ ನೀರಿನ ಒರತೆ ತನ್ನ ಕಡೆ ಬಾರದಿದ್ದರೆ ಮನೆ ಬಿಡಬೇಕೆಂದು ಬ್ರಾನೋಯ್ ಹೇಳಿಕಳಿಸಿದ್ದ.

"ಏನ್ ಮಾಡ್ತೀರಿ?" ಎಂದಳು ಹೆಂಡತಿ ಸ್ತಾನಾ.

"ಬದುಕಿದ್ದಾಗ್ಲೇ ಕುತ್ತಿಗೆ ನೋವು ಕಣೇ. ಸತ್ತ ಮೇಲೂ ಯಾರು ಹೊರ್ತಾರೆ?"

ಬೆಳಿಗ್ಗೆ ಗುಡ್ಡದ ತುದಿಯಲ್ಲಿ ಪ್ರಿಬಾಕ್ ಹೇಳಿದ: "ಅವನ ಜೋಡು ಕಳಚಿಸಿ ಸ್ವಾಮಿ. ಒಡೇರ ಹೊಲದ ಮಣ್ಣು ತುಂಬ್ಕೊಂಡು 'ನಮ್ಮ ನೆಲದ ಮೇಲೇ ನಿಂತಿದೀನಿ' ಅಂತ ಆಣೆ ಹಾಕೋರನ್ನ ನೋಡಿದೀನಿ."

ಜೋಡು ಕೊಡವಿದರೆ ನಾಲ್ಕು ಕುರಿಹಿಕ್ಕೆ ಬಿದ್ದವು.

"ಇದೂ ನಿಮ್ಮ ಒಡೇರದ್ದೇನೋ?" ಎಂದ ಪ್ರಿಬಾಕ್.

"ಇಲ್ಲ ಸಾಮಿ, ನಿಮ್ಮ ಕುರಿಗಳದ್ದು. ದಿನಾ ನಮ್ಮ ಕಡೆಗೇ ಬರ್ತವೆ."

ಸನ್ಯಾಸಿ ಕೂಡ ನಕ್ಕುಬಿಟ್ಟರು.

ರಾದೊನ್ಯ ಬರಿಗಾಲಲ್ಲಿ ಮೆಲ್ಲಗೆ ಇಳಿದ. ಕವಲೊಡೆದ ಓಕ್ ಮರದ ಬಳಿ ಒಂದು ಗಳಿಗೆ ನಿಂತ. ಆಮೇಲೆ ಎಡಕ್ಕೆ ತಿರುಗಿದ. ಒರತೆ ಪ್ರಿಬಾಕ್‌ನ ಪಾಲಾಯಿತು.

"ಬಾಯಾರಿದ್ರೆ ಕೇಳಿ ಭಾವ," ಎಂದ ಪ್ರಿಬಾಕ್, "ಒಂದು ತಂಬಿಗೆ ಕೊಡೋಣ!"

ಬ್ರಾನೋಯ್‌ನ ಮುಖ ಕೆಂಪಾಯಿತು, ಆದರೆ ತಡೆಯುವಂತಿರಲಿಲ್ಲ. ರಾದೊನ್ಯ ಇಳಿಯುತ್ತಲೇ ಇದ್ದ. ಪ್ರಿಬಾಕ್ ಹೋದ ವರ್ಷ ಕಲ್ಲಿನಲ್ಲಿ ಕಟ್ಟಿಸಿದ್ದ ಕುರಿಹಟ್ಟಿಯನ್ನು ಪೂರಾ ಬಳಸಿ, ಅದನ್ನು ಬ್ರಾನೋಯ್‌ನ ಕಡೆಗೆ ಬಿಟ್ಟು ಮುಂದೆ ನಡೆದ.

"ಏಯ್, ಹಟ್ಟಿ..."

"ತಡೀತಿದೀಯೇನಪ್ಪಾ?" ಎಂದರು ಸನ್ಯಾಸಿ.

"ಇಲ್ಲ ಸ್ವಾಮಿ. ಕೆಮ್ಮು ಬಂತು."

ಹೊಳೆದಂಡೆಯಲ್ಲಿ ಹೆಂಟೆ ಇಳಿಯಿತು. ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಹಟ್ಟಿ. ಒಂದಿಲ್ಲದೆ ಇನ್ನೊಂದರಿಂದ ಉಪಯೋಗವಿಲ್ಲ. ಬ್ರಾನೋಯ್ ಬಹಳ ಹೊತ್ತು ಹಟ್ಟಿಯ ಗಟ್ಟಿ ಗೋಡೆಗಳನ್ನೇ ನೋಡಿದ.

"ಮುದುಕಾ, ಇದು ನಮ್ದು ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಒರತೆ ಮಾತು ಮಾತ್ರ ಆಡಿದ್ರಿ ಸಾಮಿ."

"ಹೋಗು, ನಿನ್ನ ಮನೇಲೇ ಬಿದ್ದಿರು," ಎಂದು ಬ್ರಾನೋಯ್, ನೀರಿನ ಮಾತಾಡಲು ಭಾವಮೈದುನನ ಪಕ್ಕ ಹೋಗಿ ಕೂತ.

ಬುತ್ತಿ ಹಿಡಿದು ದಂಡೆಗೆ ಬಂದಿದ್ದ ಸ್ತಾನಾ ಗಂಡನ ತಲೆಯ ಮಣ್ಣು ಕೊಡವಿ ರೊಟ್ಟಿ, ಈರುಳ್ಳಿ, ಕುರಿಹಾಲಿನ ಗಿಣ್ಣು ಬಿಚ್ಚಿಟ್ಟಳು. ರಾದೊನ್ಯ ಕತ್ತನ್ನು ಆಚೀಚೆ ಹೊರಳಿಸಿ ನೋಡಿದ. ಹಗುರವಾಗಿತ್ತು. ಎರಡು ರೊಟ್ಟಿ ತಿಂದು ಇನ್ನೊಂದು ಕೇಳಿದ.