ಹುಣಸಿಗಿಡದ ತನಕ

ಮೂರನೇ ಸಲ ನೂಕಿದಾಗಲೂ ನವಾಬ ಕೆಮ್ಮಿದ, ಒಂದಿಷ್ಟು ಕರಿಹೊಗೆ ಉಗುಳಿದ, ಮತ್ತೆ ತಣ್ಣಗಾದ. ಮಣ್ಣಿಗೆಂದು ಬಂದ ಜನ ಹೆಗಲ ಮೇಲಿನ ಟವೆಲ್ಲು ಕೆಸರಿಗೆ ಬಿದ್ದದ್ದನ್ನೂ ನೋಡದೆ ಆ ಹಳೇ ಟ್ರ್ಯಾಕ್ಟರಿನ ಹಿಂದೆ ಏದುಸಿರು ಬಿಡುತ್ತ ನಿಂತಿದ್ದರು. ಭಜನೆಯವರಂತೂ ತಾಳಗಳನ್ನು ಜೇಬಿಗೆ ಹಾಕಿಕೊಂಡು ನೂಕಲು ಓಡಿ ಬಂದಿದ್ದರು. ಇನ್ನೊಂದು ಸಲ ದಿಬ್ಬ ಹತ್ತಿಸೋಣ ಎಂದು ಯಾರೋ ಅಂದರು. ಬೇಡ ಎನ್ನುವವನು ಒಬ್ಬನೂ ಇರಲಿಲ್ಲ.

ನವಾಬ ಎಂಬ ಹೆಸರು ಹಾವಗೆಪ್ಪ ಇಟ್ಟದ್ದು. ಮನಸ್ಸು ಬಂದರೆ ಏಳುವುದು, ಬಾರದಿದ್ದರೆ ಬಿದ್ದುಕೊಂಡಿರುವುದು, ಎಣ್ಣೆ ಮಾತ್ರ ಹೊತ್ತುಹೊತ್ತಿಗೆ ಕುಡಿಯುವುದು. ಇಂಥದ್ದಕ್ಕೆ ಇನ್ಯಾವ ಹೆಸರು ಒಪ್ಪೀತು ಹೇಳಿ. ಆ ಹಾವಗೆಪ್ಪ ನಿನ್ನೆ ಸಂಜೆ ಲಿಂಗೈಕ್ಯನಾಗಿದ್ದ. ಈಗ ಸಾಯಗಾಂವದ ತನ್ನ ಮನೆಯ ಕಟ್ಟೆಯ ಮೇಲೆ, ಅವರ ಪದ್ಧತಿಯಂತೆ, ಗೋಡೆಗೆ ಒರಗಿ ಕೂತಿದ್ದ. ಹಣೆ ತುಂಬ ವಿಭೂತಿ, ತಲೆಗೆ ಗುಲಾಬಿ ರುಮಾಲು, ಕೊರಳಿಗೆ ಚೆಂಡುಹೂವಿನ ಹಾರ, ಮುಖ ಬೀದಿಯ ಕಡೆಗೆ.

ಅವನ ಮುಂದೆ ಕೂತು ಅಳಬೇಕಾದ ಹೆಂಡತಿ ಸುಂದರಬಾಯಿ ಮಾತ್ರ ಊರಾಚೆಯ ಹೊಲದಲ್ಲಿ, ಈ ದಿಬ್ಬದ ಬುಡದಲ್ಲಿ ನಿಂತಿದ್ದಳು. ಪಕ್ಕದ ಮನೆಯ ದಾನಮ್ಮ ಅವಳ ಬೆನ್ನು ಹತ್ತಿ ಬಂದು, ಗಂಡನ್ನ ಹಂಗೇ ಕೂಡಿಸಿ ಬಂದೀಯಲ್ಲ, ಮಂದಿ ಏನಂದಾರು ಎಂದು ದಾರಿಯುದ್ದಕ್ಕೂ ಬೈದಿದ್ದಳು.

ಸುಂದರಬಾಯಿಗೆ ಬೇರೆಯೇ ಚಿಂತೆ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ, ಅದು ಮಠದ ಓಣಿಯಿರಲಿ ದರ್ಗಾದ ಓಣಿಯಿರಲಿ, ಅಳುವವರಿಗಿಂತ ಮೊದಲು ಹೊರಡುತ್ತಿದ್ದವನು ಹಾವಗೆಪ್ಪ. ನವಾಬನ ಹಿಂದೆ ಹುಲ್ಲು ಕೊಯ್ಯುವ ಯಂತ್ರ ಸಿಕ್ಕಿಸಿಕೊಂಡು ಹೋಗಿ, ಮಸಣದ ದಾರಿಯ ಹುಲ್ಲು, ಗೋರಿಗಳ ನಡುವಿನ ಹುಲ್ಲು ಎಲ್ಲ ಸವರಿ ಬರುತ್ತಿದ್ದ. ಈ ಮಳೆಗಾಲ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಹುಲ್ಲು ಎದೆಮಟ ಬೆಳೆದು ನಿಂತಿತು. ಊರಿಗೆಲ್ಲ ದಾರಿ ಮಾಡಿಕೊಟ್ಟವನಿಗೆ ಹೋಗಲು ದಾರಿಯಿಲ್ಲ.

ಭಾವನ ಮಗ ಸಿದ್ದೇಶ್ವರ ಬೆಳಿಗ್ಗೆಯೇ ಭಾಲ್ಕಿಗೆ ಫೋನು ಮಾಡಿ ಹುಲ್ಲು ತೆಗೆಯಲು ಜೆಸಿಬಿ ಹೇಳಿಬಿಟ್ಟಿದ್ದ. ಸುಂದರಬಾಯಿ ಫೋನು ಕಸಿದುಕೊಂಡಿದ್ದಳು.

"ನಮ್ಮತ್ತಿ ಅಲ್ಲೇ ಅದಾಳ. ದಾನಮ್ಮನ ಕೂಸು ಅಲ್ಲೇ ಅದಾ. ಅವರ ಮ್ಯಾಲ ಹಲ್ಲಿನ ಬಕೆಟ್ಟು ಹಾಕಿ ಕೆರೀತಿ ಏನು? ನವಾಬನ್ನ ಎಬ್ಬಸ್ರಿ. ಹುಲ್ಲೂ ಅವನೇ ಕೊಯ್ತಾನ, ನಮ್ಮನೀಯವರನ್ನೂ ಅವನೇ ಒಯ್ತಾನ."

ಹೊತ್ತು ಮುಳುಗುವುದರೊಳಗೆ ಆಗದಿದ್ದರೆ ಜೆಸಿಬಿಯೇ ಗತಿ ಎಂದು ಹಿರಿಯರು ಒಪ್ಪಿದ್ದರು.

ನವಾಬನ ಸೆಲ್ಫು ಸತ್ತು ಯಾವ ಕಾಲವಾಯಿತೋ. ಅದಕ್ಕೇ ಹಾವಗೆಪ್ಪ ಅವನನ್ನು ಯಾವಾಗಲೂ ದಿಬ್ಬದ ನೆತ್ತಿಯಲ್ಲೇ ನಿಲ್ಲಿಸುತ್ತಿದ್ದ. ಉರುಳಲು ಬಿಟ್ಟು, ಓಟ ಬಂದಾಗ ಕ್ಲಚ್ಚು ಬಿಟ್ಟರೆ ಇಂಜಿನ್ನು ಎದ್ದೇಳುತ್ತಿತ್ತು. ಸಿದ್ದೇಶ್ವರ ಪುಣ್ಯಾತ್ಮ, ಕಾಕಾ ಹಾಸಿಗೆ ಹಿಡಿದ ಮೇಲೆ ನವಾಬನನ್ನು ಕೆಳಗಿಳಿಸಿ ಸಪಾಟು ಜಾಗದಲ್ಲಿ ಬಿಟ್ಟಿದ್ದ. ಈಗ ಊರೇ ಕೂಡಿ ಮೇಲಕ್ಕೆ ನೂಕುತ್ತಿತ್ತು.

ನಾಲ್ಕನೇ ಸಲ ಇಂಜಿನ್ನು ಹೊತ್ತಿಕೊಂಡಿತು. ಜನ ಹೋ ಎಂದು ಕೂಗಿದರು. ಸೀಟಿನ ಮೇಲಿದ್ದ ಸಿದ್ದೇಶ್ವರ ಮೀಸೆಯಲ್ಲೇ ನಕ್ಕು ಮುಂದಕ್ಕೆ ಹೋಗಲೆಂದು ಗೇರು ಹಾಕಿದ. ನವಾಬ ಹಿಂದಕ್ಕೆ ಓಡಿದ. ಓಡಿದವನು ನೆಟ್ಟಗೆ ಜೋಳದ ಕಣಕಿಯ ಬಣವೆಗೆ ನುಗ್ಗಿ, ಸಿದ್ದೇಶ್ವರನ ತಲೆಯ ಮೇಲೆ ಒಂದು ಹೊರೆ ಕೆಡವಿಕೊಂಡು ಆರಿಹೋದ. ಯಾರಿಗೆ ತಡೆಯಲಾದೀತು? ಭಜನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಸಾವಿನ ದಿನ ಎಂದು ನೆನಪಾಗಿ ಗಪ್ಪಾದರು. ದಾನಮ್ಮ ಸೆರಗಿನೊಳಗೆ ಕಿಸಕ್ಕೆಂದಳು, ಮತ್ತೆ ಎಲ್ಲರೂ ನಕ್ಕರು. ಸುಂದರಬಾಯಿಯೂ ನಕ್ಕಳು.

ಆ ಕೊಯ್ಯುವ ಯಂತ್ರ ಮಾಡಿಕೊಟ್ಟ ಭಾಲ್ಕಿಯ ಮೇಸ್ತ್ರಿ ಅಬ್ದುಲ ಗಫೂರ ಗೆಳೆಯನ ಮಣ್ಣಿಗೆ ಬಂದು ದಿಬ್ಬದ ಕಲ್ಲಿನ ಮೇಲೆ ಕೂತಿದ್ದ. ಮಂಡಿ ಹೋದ ಮುದುಕ, ಕ್ಲಚ್ಚು ತುಳಿಯುವ ಮಾತೇ ಇಲ್ಲ. ಅವನು ಸುಂದರಬಾಯಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಭಾಬಿ, ಹೊತ್ತು ಇಳೀಲತ್ತದ. ಇನ್ನಾ ಯಾಕ ಮುಚ್ಚಿಡ್ತೀರಿ?"

*

ಸುಂದರಬಾಯಿಯ ತವರು ಔರಾದ ಕಡೆಯ ಸಂತಪುರ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ನವಾಬನ ಮೇಲೇ ಅಲ್ಲಿಗೆ ಹೋಗುವರು, ಅವಳ ಅಣ್ಣನ ಹೊಲದ ಬದುವಿನ ಹುಲ್ಲು ಕೊಯ್ದು ಕೊಡುವರು. ಸಾಯಗಾಂವದ ಅಂಚಿನ ಹುಣಸೆ ಮರ ದಾಟಿದ ಕೂಡಲೇ ಹಾವಗೆಪ್ಪ ಟ್ರ್ಯಾಕ್ಟರು ನಿಲ್ಲಿಸಿ ಮಡ್‌ಗಾರ್ಡಿನ ಮೇಲೆ ಸರಿದು ಕೂಡುತ್ತಿದ್ದ. ಸೀಟು ಅವಳದು. ನಡುವೆ ಊರು ಬಂದರೆ ಅವನು, ಬಯಲು ಬಂದರೆ ಅವಳು. ಅಣ್ಣನ ಹೊಲದಲ್ಲಂತೂ ಇಡೀ ದಿನ ಅವಳೇ. ಸವೆದ ಗೇರು ಮೊದಲು ಎಡಕ್ಕೆ ಎಳೆಯದೆ ಮುಂದಕ್ಕೆ ಬೀಳುವುದಿಲ್ಲ ಎಂಬುದು ಅವಳ ಅಂಗೈಗೆ ಕಣ್ಣು ಮುಚ್ಚಿದರೂ ಗೊತ್ತು. ಯಂತ್ರ ರಿಪೇರಿಗೆಂದು ಒಮ್ಮೆ ಅಲ್ಲಿಗೆ ಬಂದ ಗಫೂರ ಅದನ್ನು ನೋಡಿ ಬಾಯಿ ತೆರೆದು ನಿಂತಿದ್ದ.

ತಿರುಗಿ ಬರುವಾಗ ಹುಣಸೆ ಮರದ ಹತ್ತಿರ ಅವಳ ಕಾಲು ತಾನಾಗಿ ಕ್ಲಚ್ಚಿಗೆ ಹೋಗುತ್ತಿತ್ತು. ಹಾವಗೆಪ್ಪ ಪ್ರತಿ ಸಲವೂ ಕೇಳುವನು, "ಇವತ್ತರ ಊರಾಗ ಹೊಡಿ. ನೋಡಲಿ ಎಲ್ಲಾರೂ."

"ಅತ್ತಿ ಏನಂದಾರ್ರಿ? ಮುಂದಿನ ಸಲ."

ಅತ್ತೆ ತೀರಿಹೋದ ಮೇಲೂ ಅದೇ ಮುಂದಿನ ಸಲ. ನಾಚಿಕೆಯೋ, ಅಭ್ಯಾಸವೋ. ಈ ಮಳೆಗಾಲ ಜ್ವರದಲ್ಲಿ ಮಲಗಿದ್ದವನು ಒಂದು ಮಧ್ಯಾಹ್ನ ಅವಳ ಕೈ ಹಿಡಿದು, "ಹೋಗಿ ನವಾಬನ್ನ ಹೊಡ್ಕೊಂಡು ಬಾ. ನಾ ಕಟ್ಟಿ ಮ್ಯಾಲ ಕೂತು ನೋಡ್ತೇನಿ" ಎಂದಿದ್ದ. "ಮದಲ ಆರಾಮ ಆಗ್ರಿ" ಎಂದು ಗಂಜಿಯ ಬಟ್ಟಲು ಬಾಯಿಗೆ ಹಿಡಿದಿದ್ದಳು. ಬಂಗಾರದಂಥ ಆ ಮಧ್ಯಾಹ್ನವನ್ನು ಗಂಜಿ ಕುಡಿಸುವುದರಲ್ಲಿ ಕಳೆದೆನಲ್ಲ ಎಂದು ನಿನ್ನೆಯಿಂದ ಅವಳ ಕರುಳು ಸುಡುತ್ತಿತ್ತು.

*

ಸುಂದರಬಾಯಿ ಸೆರಗು ಸೊಂಟಕ್ಕೆ ಬಿಗಿದಳು. ಬಣವೆಯಿಂದ ಎಳೆದು ಮತ್ತೆ ದಿಬ್ಬ ಹತ್ತಿಸಿದ ನವಾಬನ ಮೇಲೆ ಅವಳು ಕಾಲಿಟ್ಟಾಗ ಸಿದ್ದೇಶ್ವರ, ಕಾಕಿಗೆ ದುಃಖ ತಲೆಗೇರಿದೆ ಎಂದುಕೊಂಡು ಹಿಡಿಯಲು ಹೋದ. ಗಫೂರ ಅವನ ರಟ್ಟೆ ಹಿಡಿದ.

"ಬಿಡೋ. ಇದು ಆಕಿ ಗಾಡಿ."

ಅವಳು ಗೇರನ್ನು ಎಡಕ್ಕೆ ಎಳೆದು ಮುಂದಕ್ಕೆ ತಳ್ಳಿ, ಬ್ರೇಕು ಬಿಟ್ಟಳು. ನವಾಬ ಉರುಳಿದ. ಬುಡ ಹತ್ತಿರ ಬರುವವರೆಗೂ ಅವಳು ಕ್ಲಚ್ಚು ಬಿಡಲಿಲ್ಲ. ನೋಡುವವರು ಒಂದು ಹೆಜ್ಜೆ ಮುಂದೆ ಬಂದರು. ಬಿಟ್ಟಳು. ಒಂದು ಕೆಮ್ಮು, ಎರಡು ಕೆಮ್ಮು, ಆಮೇಲೆ ಡಗಡಗಡಗ ಎಂದು ಹೊಲವೆಲ್ಲ ನಡುಗುವಂತೆ ನವಾಬ ಎದ್ದ. ಜನ ಕುಣಿದೇಬಿಟ್ಟರು. ಭಜನೆಯವರ ತಾಳಗಳು ಜೇಬಿನಿಂದ ಹೊರಬಂದವು.

ಅವಳು ಮಸಣದ ದಾರಿಗೆ ತಿರುಗಿಸಿ ಹಿಂದಿದ್ದ ಕೊಯ್ಯುವ ಯಂತ್ರ ಇಳಿಬಿಟ್ಟಳು. ಎದೆಮಟದ ಹುಲ್ಲು ಎರಡೂ ಕಡೆ ಮಲಗುತ್ತ ಹೋಯಿತು. ಹಸಿ ಹುಲ್ಲಿನ ವಾಸನೆ ಮೂಗಿಗೆ ಅಡರಿ ಸಂತಪುರದ ಹೊಲವೇ ಕಣ್ಣ ಮುಂದೆ ಬಂತು. ಹುಲ್ಲು ಸರಿದಂತೆ ಸಮಾಧಿಗಳು ಒಂದೊಂದೇ ತಲೆ ಎತ್ತಿದವು. ಅತ್ತೆಯ ಕಟ್ಟೆಯನ್ನು ಅವಳು ಸುತ್ತು ಹಾಕಿ ಸವರಿದಳು. ನೋಡ್ರಿ ಅತ್ತಿ, ಹೊಡೀಲತ್ತೇನಿ ಎಂದು ಮನಸ್ಸಿನಲ್ಲೇ ಅಂದಳು. ಮೂಲೆಯಲ್ಲಿದ್ದ ಕೂಸಿನ ಸಣ್ಣ ಗುಡ್ಡೆ ಒಂದು ಹೆಂಟೆಯೂ ಅಲುಗದೆ ಬಯಲಿಗೆ ಬಂದಾಗ ದಾನಮ್ಮ ಓಡಿ ಹೋಗಿ ಅದರ ಪಕ್ಕ ಕೂತಳು. ಬೈಗುಳ ಅಲ್ಲಿಗೆ ಮುಗಿಯಿತು.

ಯಂತ್ರ ಬಿಚ್ಚಿ ಟ್ರಾಲಿ ಸಿಕ್ಕಿಸಿದರು. ಇಂಜಿನ್ನು ಆರಿಸಬೇಡಿ ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಇನ್ನು ಊರೊಳಗೆ ಹೋಗಿ ಹಾವಗೆಪ್ಪನನ್ನು ಕರೆತರುವುದೊಂದೇ ಬಾಕಿ.

ಹುಣಸೆ ಮರ ಬಂತು. ಅವಳ ಕಾಲು ಕ್ಲಚ್ಚಿಗೆ ಹೋಯಿತು. ನವಾಬ ನಿಂತ.

ಸಿದ್ದೇಶ್ವರ ಓಡಿ ಬಂದ. "ಕಾಕಿ, ಭಾಳ ಆತು. ಊರಾಗ ನಾ ಹೊಡೀತೇನಿ. ಬೀದರಿಂದ ಬೀಗರು ಬಂದಾರ, ಹಿರ್ಯಾರೆಲ್ಲಾ ಕೂತಾರ. ನೀವು ಇಲ್ಲೇ ಇಳೀರಿ."

ಅವನು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಷ್ಟು ವರ್ಷ ಅವಳು ತನಗೆ ತಾನೇ ಹೇಳಿಕೊಂಡದ್ದೂ ಅದೇ. ಅವಳು ಅರ್ಧ ಎದ್ದಳು. ಪಕ್ಕದ ಮಡ್‌ಗಾರ್ಡನ್ನು ನೋಡಿದಳು. ಹಾವಗೆಪ್ಪ ಕೂತು ಕೂತು ಅಲ್ಲಿನ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಮತ್ತೆ ಸೀಟಿನಲ್ಲಿ ಕೂತಳು.

"ಮುಂದಿನ ಸಲ ಅಂಬೋದು ಇನ್ನಾ ಇಲ್ಲಪ್ಪ" ಎಂದು ಕ್ಲಚ್ಚು ಬಿಟ್ಟಳು.

ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಮುದುಕರು ಮೂಗಿನ ಮೇಲೆ ಬೆರಳಿಟ್ಟರು. ಬೀಗರು ಎದ್ದು ನಿಂತರು, ಯಾಕೆ ಎದ್ದೆವೆಂದು ಅವರಿಗೂ ತಿಳಿಯಲಿಲ್ಲ. ಮನೆಯ ಮುಂದಿನ ಜನ ಟ್ರ್ಯಾಕ್ಟರಿಗೆ ಜಾಗ ಮಾಡಲು ಎರಡೂ ಬದಿಗೆ ಸರಿದುಕೊಂಡಾಗ ಅವಳಿಗೂ ಕಟ್ಟೆಗೂ ನಡುವೆ ಯಾರೂ ಉಳಿಯಲಿಲ್ಲ.

ಹಾವಗೆಪ್ಪ ಗೋಡೆಗೆ ಒರಗಿ, ಬೀದಿಗೆ ಮುಖ ಮಾಡಿ ಕೂತಿದ್ದ.

ಅವಳು ಅವನ ನೇರಕ್ಕೆ ತಂದು ನಿಲ್ಲಿಸಿದಳು. ಇಳಿಯಲಿಲ್ಲ, ಇಂಜಿನ್ನನ್ನೂ ಆರಿಸಲಿಲ್ಲ. ಕಟ್ಟೆಯ ಕಲ್ಲು ಸಣ್ಣಗೆ ನಡುಗುತ್ತಿತ್ತು, ಅವನ ಕೊರಳಿನ ಚೆಂಡುಹೂಗಳು ಒಂದೊಂದೂ ನವಾಬನ ತಾಳಕ್ಕೆ ಅಲುಗುತ್ತಿದ್ದವು.